ತಫೀದಾಳ ಜರಡಿ

ತಫೀದಾಳ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿತ್ತು. ಪ್ಲಾಸ್ಟಿಕ್ ಕಚ್ಚಿ ಕಚ್ಚಿ ಬಿದ್ದದ್ದು. ಮೊಕತ್ತಮ್ ಗುಡ್ಡದ ಬುಡದಲ್ಲಿ, ಕೈರೋದ ಕಸವನ್ನೆಲ್ಲ ತಂದು ಸುರಿದು, ಬಿಡಿಸಿ, ಮಾರಿ ಬದುಕುವ ಜನರ ಕೇರಿಯಲ್ಲಿ, ಪ್ಲಾಸ್ಟಿಕ್ಕಿನ ಜಾತಿ ಗುರುತಿಸುವುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ದಾರಿ. ಕೆಲವರು ಕಡ್ಡಿ ಗೀರಿ ಸುಟ್ಟು ಮೂಸುತ್ತಾರೆ. ಕೆಲವರು ಕಿವಿಯ ಹತ್ತಿರ ಹಿಡಿದು ಮುರಿಯುತ್ತಾರೆ. ತಫೀದಾ ಕಚ್ಚುತ್ತಿದ್ದಳು. ಹಲ್ಲಿಗೆ ಜಾರಿದರೆ ಒಂದು ರಾಶಿ, ಪಟ್ಟೆಂದು ಮುರಿದರೆ ಇನ್ನೊಂದು, ಮೆತ್ತಗೆ ಬಾಗಿದರೆ ಮತ್ತೊಂದು. ಕಚ್ಚಿದ್ದನ್ನು ಉಗಿಯಬೇಕು ಎಂದು ಅವಳಿಗೆ ಎಂದೂ ಅನಿಸಿರಲಿಲ್ಲ. ಬಾಯಲ್ಲಿ ಉಳಿದದ್ದು ಚಹಾದ ಜೊತೆ ಒಳಗೆ ಹೋಗುತ್ತಿತ್ತು.

ಮನೆ, ಮಷೀನು ಎರಡೂ ಅವಳ ಹೆಸರಿನಲ್ಲಿದ್ದವು. ಗಂಡ ಘತ್ತಾಸ್ ಬದುಕಿದ್ದಾಗಲೇ ಬರೆದು ಕೊಟ್ಟಿದ್ದ. ಕೆಳಗೆ ಮಷೀನು, ಅದರ ಮೇಲೆ ಮೂಟೆಗಳು, ಅದರ ಮೇಲೆ ಮನುಷ್ಯರು. ಆ ಕೇರಿಯ ಮನೆಗಳೆಲ್ಲ ಹಾಗೆಯೇ. ಮಷೀನು ಎಂದರೆ ಒಂದು ಬಾಯಿಂದ ಪ್ಲಾಸ್ಟಿಕ್ ನುಂಗಿ ಇನ್ನೊಂದು ಬಾಯಿಂದ ಅವಲಕ್ಕಿಯಷ್ಟು ಚೂರು ಮಾಡಿ ಉಗುಳುವ ದೊಡ್ಡ ಡಬ್ಬ. ಚೂರು ಮೂಟೆಗೆ ಹೋಗುತ್ತಿತ್ತು, ಪುಡಿ ಮನೆಗೆ ಬರುತ್ತಿತ್ತು. ಮೆಟ್ಟಿಲ ಮೇಲೆ, ಹಾಸಿಗೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ರೊಟ್ಟಿಯ ಮೇಲೆ. ಯಾವ ಬಣ್ಣದ್ದನ್ನು ಅರೆದರೋ ಆ ಬಣ್ಣದ ಪುಡಿ. ಆ ವರ್ಷ ಬೇಸಿಗೆಯ ಹೊತ್ತಿಗೆ ನೀರಿನ ಬಾಟಲಿಯ ನೀಲಿ ಮುಚ್ಚಳಗಳು ಲಾರಿಗಟ್ಟಲೆ ಬಂದಿದ್ದವು. ತಫೀದಾ ಕೆಮ್ಮಿದರೆ ಕರವಸ್ತ್ರವೂ ನೀಲಿ.

ಘತ್ತಾಸ್ ಕರುಳಿನ ಕಾಯಿಲೆಯಿಂದ ಸತ್ತ. ಕೊನೆಯ ದಿನಗಳಲ್ಲಿ ನೀರು ಕುಡಿದರೂ ಹೊಟ್ಟೆ ಹಿಡಿದುಕೊಂಡು ಮಗ್ಗುಲು ಬದಲಿಸುತ್ತಿದ್ದ. ಅವನನ್ನು ಹೊತ್ತುಕೊಂಡು ಹೋದಾಗ ಕೇರಿಯ ಹೆಂಗಸರೆಲ್ಲ ಎದೆ ಬಡಿದುಕೊಂಡರು, ತಫೀದಾ ಅಳಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಬರುತ್ತದೆ ಎಂದು ಕಾದಳು, ಬರಲಿಲ್ಲ. ಆಮೇಲೆ ಕಾಯುವುದನ್ನೂ ಬಿಟ್ಟಳು. ಕ್ರಿಸ್ತ ಜಯಂತಿ ಬಂತು, ಹೋಯಿತು. ಮಗ ಅಯಾದನ ಮದುವೆಯಾಯಿತು. ಎಲ್ಲರೂ ಕುಣಿದರು, ಇವಳು ಕೋಳಿ ಕತ್ತರಿಸಿದಳು. ಕಲ್ಲೆದೆಯವಳು ಎಂದು ಹೆಂಗಸರು ಅವಳ ಬೆನ್ನ ಹಿಂದೆ ಆಡಿಕೊಂಡರು. ಆಡಿಕೊಂಡವರೇ ಸಂಜೆ ಬಂದು ಅವಳ ಚಹಾ ಕುಡಿದು ಹೋದರು.

ಆಮೇಲೆ ಕಾಲೂ ಹಾಗೆಯೇ ಆಯಿತು. ಒಂದು ದಿನ ಅಂಗಾಲಿಗೆ ಮೊಳೆ ಚುಚ್ಚಿಕೊಂಡು ಬೆಳಗಿನಿಂದ ಓಡಾಡಿದ್ದಳು. ಸಂಜೆ ಚಪ್ಪಲಿ ಬಿಟ್ಟಾಗ ನೆಲದ ಮೇಲೆ ರಕ್ತ ಕಂಡು, ಯಾರದಪ್ಪಾ ಇದು ಎಂದು ಅತ್ತಿತ್ತ ನೋಡಿದಳು. ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಊದಿಕೊಂಡಿತ್ತು. ಎರಡು ತುತ್ತು ತಿಂದರೆ ಉಬ್ಬರ, ತಿನ್ನದಿದ್ದರೆ ಸಂಕಟ. ಪಕ್ಕದ ಮನೆಯ ಶಫೀಕಾ ಆ ಮೊಳೆಯ ಕಥೆ ಕೇಳಿದವಳೇ ಅವಳ ಕೈ ಹಿಡಿದು ಎಳೆದುಕೊಂಡು ಹೊರಟಳು.

"ಚರ್ಚಿನ ಆಸ್ಪತ್ರೆಗೆ ಒಬ್ಬಳು ಡಾಕ್ಟ್ರಮ್ಮ ಬಂದಿದಾಳೆ. ಪ್ಲಾಸ್ಟಿಕ್ ಕೆಲಸ ಮಾಡೋರ ಹೊಟ್ಟೆನೇ ನೋಡೋಳಂತೆ. ದುಡ್ಡು ತಗೊಳಲ್ಲ."

"ಹೊಟ್ಟೆಯೊಳಗೆ ಏನಿದೆ ನೋಡೋಕೆ?"

"ಏನೂ ಇಲ್ದೇ ಇದ್ರೆ ಹೀಗೆ ಯಾಕೆ ಊದಿದೆ, ಅಯಾದ್ ಅಮ್ಮ? ಈ ವಯಸ್ಸಲ್ಲಿ ಬಸುರಿ ಅಂತೂ ಅಲ್ಲ."

ಆ ಮನೆಯಲ್ಲಿ ನಿಜವಾಗಿ ಬಸುರಿಯಾಗಿದ್ದವಳು ಸೊಸೆ ಮಾರ್ತಾ. ಕೈರೋ ಪೇಟೆಯ ಶುಬ್ರಾ ಕಡೆಯ ಹುಡುಗಿ, ಅಪ್ಪ ಬಟ್ಟೆಯಂಗಡಿಯಲ್ಲಿ ಲೆಕ್ಕ ಬರೆಯುವವನು. ಅಯಾದನ ನಗು ನೋಡಿ ಮೆಚ್ಚಿ ಮದುವೆಯಾದಳು, ಮನೆಯ ನೆಲ ನೋಡಿರಲಿಲ್ಲ. ದಿನಕ್ಕೆ ಎಷ್ಟು ಸಲ ಗುಡಿಸಿದರೂ ನಿಲುವಂಗಿಯ ಅಂಚಿನ ತುಂಬ ಪುಡಿ. ಆಸ್ಪತ್ರೆಗೆ ಅವಳೂ ಜೊತೆಯಲ್ಲಿ ಬಂದಳು.

ಡಾಕ್ಟರ್ ನಿವೀನ್ ಚಿಕ್ಕ ವಯಸ್ಸಿನವಳು, ಮಾತಿನಲ್ಲಿ ಸಂಯಮವಿದ್ದವಳು. ತಫೀದಾಳ ಬೆರಳು ಚುಚ್ಚಿ ರಕ್ತ ನೋಡಿದಳು. ಸಕ್ಕರೆ ಬಹಳ ಏರಿತ್ತು. ಮಾತ್ರೆ ಕೊಟ್ಟಳು. ಆಮೇಲೆ ಅತ್ತೆಗೂ ಸೊಸೆಗೂ ಒಂದೊಂದು ಗಾಜಿನ ಜಾಡಿ ಕೊಟ್ಟು, ಮಾರನೆಯ ದಿನದ ಮಲವನ್ನು ಅದರಲ್ಲಿ ಹಾಕಿ ತರಬೇಕೆಂದಳು. ಬಿಗಿ ಮುಚ್ಚಳದ, ಒಂದು ಗೆರೆಯೂ ಇಲ್ಲದ ಚೆಂದದ ಜಾಡಿ. ತಫೀದಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

ಮಾರನೆಯ ದಿನ ಅವಳು ಮೊಸರಿನ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟಳು.

"ಚಿಕ್ಕಮ್ಮ, ನಾನು ಕೊಟ್ಟ ಜಾಡಿ ಎಲ್ಲಿ?" ಎಂದಳು ಡಾಕ್ಟರ್.

"ಅದ್ರಲ್ಲಿ ಬೆಲ್ಲದ ಪಾಕ ತುಂಬಿಟ್ಟಿದೀನಿ. ಅಷ್ಟು ಒಳ್ಳೇ ಗಾಜಿನ ಜಾಡೀಲಿ ಅದನ್ನ ಹಾಕೋದಾ, ತಾಯಿ? ಮನುಷ್ಯರು ಮಾಡೋ ಕೆಲಸವಾ ಅದು?"

ಡಾಕ್ಟರ್ ತುಟಿ ಕಚ್ಚಿಕೊಂಡು ನಗು ತಡೆದಳು. ಪ್ಲಾಸ್ಟಿಕ್ ಹುಡುಕುವುದಕ್ಕೆ ಪ್ಲಾಸ್ಟಿಕ್ಕಿನಲ್ಲಿ ತಂದರೆ ಯಾವುದು ಡಬ್ಬಿಯದು, ಯಾವುದು ಹೊಟ್ಟೆಯದು ಎಂದು ಹೇಗೆ ತಿಳಿಯುತ್ತದೆ ಎಂದು ಬಿಡಿಸಿ ಹೇಳಿ ಇನ್ನೊಂದು ಜಾಡಿ ಕೊಟ್ಟಳು. ಮಾರ್ತಾ ನಾಚಿಕೆಯಿಂದ ಕಿಟಕಿಯ ಕಡೆ ನೋಡುತ್ತಿದ್ದಳು. ಅವಳು ಮಾತ್ರ ಡಾಕ್ಟರ್ ಹೇಳಿದ ಹಾಗೆಯೇ ತಂದಿದ್ದಳು.

ಫಲಿತಾಂಶ ಬರುವಷ್ಟರಲ್ಲಿ ಮಾರ್ತಾಗೆ ದಿನ ತುಂಬಿತ್ತು. ಇಬ್ಬರನ್ನೂ ಕೂರಿಸಿಕೊಂಡು ಡಾಕ್ಟರ್, ಜಾಡಿಯಲ್ಲಿದ್ದದ್ದನ್ನು ಸೋಸಿದ ನಾಣ್ಯದಗಲದ ಬಿಳಿಯ ಕಾಗದವೊಂದನ್ನು ತಟ್ಟೆಯಲ್ಲಿಟ್ಟು, ಮೇಲೊಂದು ಭೂತಗನ್ನಡಿ ಹಿಡಿದಳು. ಕಾಗದದ ಮೇಲೆ ನೀಲಿ ಚುಕ್ಕೆಗಳು. ಒಂದೆರಡು ಕೆಂಪು, ಹಸಿರು. ಬಹಳಷ್ಟು ನೀಲಿ.

"ಇದು ನಿಮ್ಮದು, ಚಿಕ್ಕಮ್ಮ. ಕಣ್ಣಿಗೆ ಕಾಣೋ ದೊಡ್ಡವು ಮಾತ್ರ ಇಲ್ಲಿವೆ. ಕಾಣದೇ ಇರೋವು ಇದಕ್ಕಿಂತ ಹೆಚ್ಚು."

"ನಮ್ಮ ಮುಚ್ಚಳ," ಎಂದಳು ತಫೀದಾ, ಪರಿಚಯದವರನ್ನು ಕಂಡ ಹಾಗೆ.

"ನನ್ನದ್ರಲ್ಲಿ?" ಎಂದು ಮಾರ್ತಾ ಕೇಳಿದಳು.

"ಇದೆ. ಕಡಿಮೆ. ಆದ್ರೆ ಇದೆ."

ಕರುಳಿನಲ್ಲಿ ಕಣ್ಣಿಗೆ ಕಾಣದ ಜೀವಿಗಳ ಒಂದು ದೊಡ್ಡ ಸಂಸಾರವೇ ಇದೆ ಎಂದು ಡಾಕ್ಟರ್ ಹೇಳಿದಳು. ತಿಂದದ್ದನ್ನು ಅರಗಿಸುವುದರಲ್ಲಿ, ಮೈಗೆ ಹಿಡಿಸುವುದರಲ್ಲಿ ಅವಕ್ಕೂ ಪಾಲಿದೆ. ಪ್ಲಾಸ್ಟಿಕ್ ಪುಡಿ ಸೇರಿದಾಗ ಆ ಸಂಸಾರ ಕೆಡುತ್ತದೆ. ಒಳ್ಳೆಯವು ಕಡಿಮೆಯಾಗಿ ಕೆಟ್ಟವು ಹೆಚ್ಚುತ್ತವೆ. ಕರುಳಿನ ಒಳಗೋಡೆಯ ಲೋಳೆ ತೆಳುವಾಗುತ್ತದೆ. ಒಳಗೇ ಉಳಿಯಬೇಕಾದದ್ದು ರಕ್ತಕ್ಕೆ ಸೋರುತ್ತದೆ. ಆಗ ಮೈ ಸಕ್ಕರೆಯನ್ನು, ಕೊಬ್ಬನ್ನು ಸಂಭಾಳಿಸುವ ರೀತಿಯೇ ತಪ್ಪುತ್ತದೆ. ಇಲಿಗಳಿಗೆ ಪುಡಿ ತಿನ್ನಿಸಿ ನೋಡಿದ್ದಾರೆ, ಹೀಗೆಲ್ಲ ಆಗಿದೆ. ಮನುಷ್ಯರಲ್ಲಿ ಆಗಬಹುದು. ಆಗುತ್ತದೆ ಎಂದು ಎದೆ ತಟ್ಟಿ ಹೇಳುವಷ್ಟು ಇನ್ನೂ ಯಾರಿಗೂ ತಿಳಿದಿಲ್ಲ.

"ನಮ್ಮ ಕೇರಿ ಇಲಿಗಳು ಹುಟ್ಟಿದಾಗಿಂದ ಅದನ್ನೇ ತಿಂತಾವೆ, ಡಾಕ್ಟ್ರಮ್ಮ," ಎಂದಳು ತಫೀದಾ. "ಬೆಕ್ಕು ಅವನ್ನ ನೋಡಿ ದಾರಿ ಬಿಡುತ್ತೆ."

ಆಮೇಲೆ ಬೇರೆ ದನಿಯಲ್ಲಿ ಕೇಳಿದಳು. "ನನ್ನ ಯಜಮಾನರ ಕರುಳು ಕೆಟ್ಟಿದ್ದು ಇದ್ರಿಂದಾನಾ?"

"ಗೊತ್ತಿಲ್ಲ, ಚಿಕ್ಕಮ್ಮ. ಗೊತ್ತಿಲ್ದೇ ಇರೋದನ್ನ ಹೌದು ಅನ್ನೋಕೆ ನನ್ನಿಂದ ಆಗಲ್ಲ."

ತಫೀದಾ ತಲೆಯಾಡಿಸಿದಳು. ಹೌದು ಎಂದಿದ್ದರೆ ಸಿಟ್ಟಾದರೂ ಬರುತ್ತಿತ್ತೇನೋ, ಅಲ್ಲ ಎಂದಿದ್ದರೆ ಸಮಾಧಾನವಾದರೂ ಆಗುತ್ತಿತ್ತೇನೋ. ಎರಡೂ ಇಲ್ಲದೆ ಎದ್ದು ಬಂದಳು. ಕೆಳಗೆ ಬಂದು ಮುಚ್ಚಳದ ಮೂಟೆ ಬಿಚ್ಚಿ ಕೂತು ಮೊದಲನೆಯದನ್ನು ಕಚ್ಚಿದಳು.

ಅಂದಿನ ಊಟಕ್ಕೆ ಅಯಾದ್ ಬೀದಿಯ ಗಾಡಿಯಿಂದ ಅವರೆಯಂಥ ದೊಡ್ಡ ಕಾಳಿನ ಬಿಸಿ ಬಿಸಿ ಗೊಜ್ಜು ತಂದಿದ್ದ. ಎಂದಿನಂತೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುರಿಸಿ ಗಂಟು ಹಾಕಿಸಿಕೊಂಡು ಬಂದದ್ದು. ಮಾರ್ತಾ ಅದನ್ನು ಬಿಚ್ಚಲಿಲ್ಲ.

"ಹೆರಿಗೆಯಾಗಿ ನಲವತ್ತು ದಿನ ಇಲ್ಲಿರ್ತೀನಿ," ಎಂದಳು. "ಆಮೇಲೆ ಮಗೂನ ಎತ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ಮಷೀನು ಕೆಳಗಿರೋವರೆಗೂ ವಾಪಸ್ ಬರಲ್ಲ."

"ಹಂಗಾದ್ರೆ ಮಷೀನನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ಲಾ?" ಎಂದ ಅಯಾದ್.

"ಕೇರಿ ಆಚೆ ನಿಮ್ಮ ಹಳೇ ಹಂದಿ ಕೊಟ್ಟಿಗೆ ಖಾಲಿ ಇದೆಯಲ್ಲ."

"ಅಲ್ಲಿ ರಾತ್ರಿ ಕಾಯೋರು ಯಾರು? ಬೆಳಗಾಗೋದ್ರೊಳಗೆ ಮೋಟಾರು ಬಿಚ್ಕೊಂಡು ಹೋಗ್ತಾರೆ. ನಿನ್ನ ಡಾಕ್ಟ್ರಮ್ಮ ಬಂದು ಕೋಲು ಹಿಡ್ಕೊಂಡು ಕೂರ್ತಾಳಾ? ನಾನು ಈ ಪುಡಿಯಲ್ಲೇ ಹುಟ್ಟಿದೋನು. ನನಗೇನಾಗಿದೆ?"

"ನಿಮ್ಮಪ್ಪನಿಗೆ ಆಯ್ತಲ್ಲ."

ಅಯಾದನ ಮುಖ ಕಪ್ಪಿಟ್ಟಿತು. ಇಬ್ಬರೂ ತಫೀದಾಳ ಕಡೆ ತಿರುಗಿದರು. ಮನೆ ಅವಳದು, ಮಷೀನು ಅವಳದು, ಮಾತೂ ಅವಳದೇ ಆಗಬೇಕಿತ್ತು.

"ನನ್ನ ಕೇಳ್ಬೇಡಿ," ಎಂದಳು ತಫೀದಾ. ಚೀಲದ ಗಂಟು ಬಿಚ್ಚಿ ಗೊಜ್ಜನ್ನು ಬಟ್ಟಲಿಗೆ ಸುರಿದಳು. ಮಗು ಈ ಮನೆಯಲ್ಲೇ ಉಳಿಯಬೇಕು ಎಂದು ತಲೆಗೆ ಗೊತ್ತಿತ್ತು. ಎದೆ ಮಾತ್ರ ಆ ಮೊಳೆ ಚುಚ್ಚಿದ ಕಾಲಿನ ಹಾಗೆಯೇ ಬಿದ್ದಿತ್ತು.

ಗಂಡು ಮಗು ಹುಟ್ಟಿತು. ಅಜ್ಜನ ಹೆಸರೇ ಇಟ್ಟರು, ಘತ್ತಾಸ್. ಕೂಸನ್ನು ತಂದು ಕೈಗೆ ಕೊಟ್ಟಾಗ ತಫೀದಾ ಅದರ ತೂಕ ನೋಡಿದಳು, ಉಗುರು ನೋಡಿದಳು, ಚೆನ್ನಾಗಿದೆ ಎಂದು ವಾಪಸು ಕೊಟ್ಟಳು. ಹೆರಿಗೆ ಮಾಡಿಸಿದವಳು ಕೂಡ ಇದೆಂಥ ಅಜ್ಜಿ ಎಂದುಕೊಂಡಿರಬೇಕು.

ಏಳನೆಯ ದಿನದ ಶಾಸ್ತ್ರಕ್ಕೆ ಕೇರಿಯೆಲ್ಲ ಬರುವುದಿತ್ತು. ಆ ದಿನ ಮಗುವನ್ನು ಜರಡಿಯಲ್ಲಿ ಮಲಗಿಸಿ ತೂಗುತ್ತಾರೆ. ಕಾಳಿನ ಹಾಗೆ ಗಟ್ಟಿಯಾದದ್ದು ಉಳಿಯಲಿ, ಹೊಟ್ಟು ಹಾರಿಹೋಗಲಿ ಎಂದು. ತಾಯಿ ಅದನ್ನು ಏಳು ಸಲ ದಾಟುತ್ತಾಳೆ. ಮನೆಯ ಹಿರಿಯ ಹೆಂಗಸು ಕಿವಿಯ ಹತ್ತಿರ ಹಿತ್ತಾಳೆಯ ಕುಟ್ಟಾಣಿ ಬಡಿದು ಬುದ್ಧಿ ಹೇಳುತ್ತಾಳೆ. ಮಾರ್ತಾಳ ತಾಯಿ ಪೇಟೆಯಿಂದ ಹೊಸ ಜರಡಿ ಕಳಿಸಿದ್ದಳು. ಸುತ್ತಲೂ ರೇಷ್ಮೆ ಪಟ್ಟಿ, ಕಾಗದದ ಹೂವು. ತಫೀದಾ ಅದನ್ನು ಕೈಗೆತ್ತಿಕೊಂಡು, ಪಟ್ಟಿ ಸರಿಸಿ, ಅಂಚನ್ನು ಕಚ್ಚಿ ನೋಡಿದಳು. ಹಲ್ಲು ಜಾರಿತು.

"ಇದು ಪ್ಲಾಸ್ಟಿಕ್ಕು, ಮಾರ್ತಾ. ನಿನಗೆ ಬೇಡವಾಗಿರೋದು ಇದೇ ತಾನೇ?"

ಮಾರ್ತಾ ಅತ್ತೆಯ ಮುಖ ನೋಡಿದಳು. ಅತ್ತೆ ತನ್ನ ಮಾತನ್ನು ಕಿವಿಗೆ ಹಾಕಿಕೊಂಡಿದ್ದಾಳೆ ಎಂಬುದೇ ಅವಳಿಗೆ ಹೊಸದು.

ಮನೆಯಲ್ಲಿ ಹಳೆಯ ಜರಡಿಯೊಂದಿತ್ತು. ಮರದ ಬಳೆ, ಚರ್ಮದ ಹುರಿಯ ಬಲೆ. ಅಸ್ಯೂತ್ ಕಡೆಯ ಹಳ್ಳಿ ಬಿಟ್ಟು ಬರುವಾಗ ತಫೀದಾಳ ಅತ್ತೆ ತಲೆಯ ಮೇಲೆ ಹೊತ್ತು ತಂದದ್ದು. ಗಂಡ ಘತ್ತಾಸನನ್ನು ಅದರಲ್ಲೇ ತೂಗಿದ್ದರು, ಅಯಾದನನ್ನೂ. ಆಮೇಲೆ ರೊಟ್ಟಿ ಅಂಗಡಿಯಿಂದ ಬರತೊಡಗಿ, ಗೋಧಿ ಜರಡಿ ಹಿಡಿಯುವ ಕೆಲಸ ನಿಂತು, ಅದು ಕೆಳಗಿಳಿದು ಚೂರಿನಿಂದ ಪುಡಿ ಬೇರೆ ಮಾಡುವ ಕೆಲಸಕ್ಕೆ ಬಿದ್ದಿತ್ತು. ತಫೀದಾ ಅದನ್ನು ಹುಡುಕಿ ತೆಗೆದಳು. ಕೆಳಗಿನ ತೊಟ್ಟಿಯಲ್ಲಿ, ಕಾಸ್ಟಿಕ್ ಸೋಡಾ ಹಾಕಿ, ಚೂರು ತೊಳೆಯುವ ಹಾಗೆಯೇ ಮೂರು ನೀರಲ್ಲಿ ಉಜ್ಜಿ ಉಜ್ಜಿ ತೊಳೆದಳು. ಮಷೀನಿನ ಪಕ್ಕ ಹಗ್ಗಕ್ಕೆ ಕಟ್ಟಿ ಒಣಗಿಸಿದಳು. ಪಾಪ, ಗಂಡ ಸತ್ತ ಮೇಲೆ ಅವಳು ಯಾರಿಗಾಗಿಯೋ ಆಸೆಪಟ್ಟು ಮಾಡಿದ ಮೊದಲ ಕೆಲಸ ಅದು. ತೊಳೆಯುವುದೆಂದರೆ ಅವಳಿಗೆ ಗೊತ್ತಿದ್ದದ್ದು ಆ ತೊಟ್ಟಿ ಒಂದೇ.

ಹೆಂಗಸರು ಬಂದು ತುಂಬಿದರು. ತುಪ್ಪ ತೇಲುವ ಬಾಣಂತಿ ಪಾನಕದ ಲೋಟಗಳು ಕೈಯಿಂದ ಕೈಗೆ ಹೋದವು. ನೆಲದ ಮೇಲೆ ಬಿಳಿ ಬಟ್ಟೆ ಹಾಸಿ, ಜರಡಿ ಇಟ್ಟು, ಎಣ್ಣೆ ಹಚ್ಚಿದ ಮಗುವನ್ನು ಮಲಗಿಸಿದರು. ತಫೀದಾ ಅಂಚು ಹಿಡಿದು ಮೆಲ್ಲಗೆ ತೂಗಿದಳು. ಶಫೀಕಾ ಉಪ್ಪು ಎರಚಿದಳು. ಮಾರ್ತಾ ನಿಲುವಂಗಿ ಎತ್ತಿಕೊಂಡು ಏಳು ಸಲ ದಾಟಿದಳು. ತಫೀದಾ ಕುಟ್ಟಾಣಿ ಎತ್ತಿಕೊಂಡು ಬಡಿದಳು.

"ಅಮ್ಮನ ಮಾತು ಕೇಳು," ಎಂದಳು. ಇನ್ನೊಂದು ಪೆಟ್ಟು. "ಅಪ್ಪನ ಮಾತು ಕೇಳ್ಬೇಡ."

ಆ ಸಾಲಿಗೆ ಎಲ್ಲರೂ ನಗುವುದು ವಾಡಿಕೆ. ನಕ್ಕರು. ಬಾಗಿಲಲ್ಲಿ ನಿಂತ ಅಯಾದ್ ಕೂಡ, "ಎಲ್ಲಾ ಸೇರ್ಕೊಂಡು ಈಗ್ಲೇ ಹೇಳ್ಕೊಟ್ಬಿಡಿ," ಎಂದ.

ತಫೀದಾ ಮಗುವನ್ನು ಎತ್ತಿಕೊಂಡಳು. ಜರಡಿ ಎತ್ತಿದ ಜಾಗದಲ್ಲಿ, ಬಿಳಿ ಬಟ್ಟೆಯ ಮೇಲೆ, ಉಪ್ಪಿನ ನಡುವೆ ನೀಲಿ ಚುಕ್ಕೆಗಳಿದ್ದವು. ಮಗುವಿನ ಕತ್ತಿನ ಮಡಿಕೆಯಲ್ಲೂ ಇದ್ದವು, ಎಣ್ಣೆಗೆ ಅಂಟಿಕೊಂಡು. ತುಟಿಯ ಅಂಚಿನಲ್ಲಿ ಒಂದಿತ್ತು. ಮಗು ನಾಲಿಗೆ ಹೊರಗೆ ಹಾಕಿ ಅದನ್ನು ಒಳಗೆ ಎಳೆದುಕೊಂಡಿತು.

ತಫೀದಾ ಬೆರಳಿನಿಂದ ಕತ್ತು ಒರೆಸಿದಳು. ಒರೆಸಿದಷ್ಟೂ ಹೆಚ್ಚಾಯಿತು. ಬೆರಳು ತಿರುಗಿಸಿ ನೋಡಿದಳು. ಉಗುರಿನ ಸಂದಿ ನೀಲಿ, ತೋಳಿನ ಮಡಿಕೆ ನೀಲಿ, ಮಣಿಕಟ್ಟಿನ ಮೇಲೆ ಹಚ್ಚೆ ಹಾಕಿಸಿಕೊಂಡ ಶಿಲುಬೆಯ ಸುತ್ತಲೂ ನೀಲಿ. ತಲೆ ಎತ್ತಿದರೆ ಮಾರ್ತಾ ನೋಡುತ್ತಿದ್ದಳು. ಅವಳು ಬೈಯಲಿಲ್ಲ. ಕೈ ಚಾಚಿದಳು ಅಷ್ಟೆ. ತಫೀದಾ ಮಗುವನ್ನು ಕೊಟ್ಟಳು. ಕೊಟ್ಟ ಮೇಲೆ ಕೈಗಳು ಖಾಲಿಯಾದದ್ದು ಅವಳಿಗೆ ಗೊತ್ತಾಯಿತು. ಬಹಳ ದಿನದ ಮೇಲೆ ಏನೋ ಒಂದು ಮನಸ್ಸಿಗೆ ತಾಗಿತು, ಅದೂ ಈ ಖಾಲಿತನ.

ಅವಳು ಮತ್ತೆ ಕುಟ್ಟಾಣಿ ಬಡಿದಳು. ಶಾಸ್ತ್ರ ಮುಗಿದಿದ್ದರಿಂದ ಎಲ್ಲರೂ ತಿರುಗಿ ನೋಡಿದರು.

"ಅಯಾದ್, ಅಮ್ಮನ ಮಾತು ಕೇಳು."

"ಅಯ್ಯೋ, ನನಗೂ ಶಾಸ್ತ್ರವಾ?" ಎಂದ ಅಯಾದ್ ನಗುತ್ತ.

"ನಿನ್ನ ಅಮ್ಮ ಹೇಳ್ತಿರೋದು. ಮಷೀನು ಈ ಮನೆಯಿಂದ ಹೋಗ್ಲಿ. ಹಂದಿ ಕೊಟ್ಟಿಗೇಲಿ ಇಡು."

ನಗು ನಿಂತಿತು. "ಅಲ್ಲಿ ಕಾಯೋರು ಯಾರು ಅಂತ ಹೇಳಿದ್ನಲ್ಲಮ್ಮ," ಎಂದ ಅವನು, ದನಿ ತಗ್ಗಿಸಿ.

"ನಾನು ಕಾಯ್ತೀನಿ. ಅಲ್ಲೇ ಇರ್ತೀನಿ."

"ನೀವ್ಯಾಕೆ ಹೋಗ್ಬೇಕು, ಅತ್ತೆ?" ಎಂದಳು ಮಾರ್ತಾ. "ನಾನು ಮಷೀನು ಬೇಡ ಅಂದೆ. ನೀವು ಬೇಡ ಅನ್ಲಿಲ್ಲ."

"ಪುಡಿ ನನ್ನ ಮೈಯಲ್ಲೇ ಇದೆ ಕಣೆ. ಮನೆ ಗುಡಿಸ್ಬೇಕು ಅಂದ್ರೆ ನನ್ನನ್ನೂ ಸೇರಿಸಿ ಗುಡಿಸ್ಬೇಕು."

ಹೇಳಿದ ರೀತಿ ಹೇಗಿತ್ತೆಂದರೆ, ಈರುಳ್ಳಿ ಮುಗಿದಿದೆ ಎನ್ನುವ ಹಾಗೆ. ಶಫೀಕಾ ಕಣ್ಣೊರೆಸಿಕೊಂಡಳು. ಕಲ್ಲೆದೆಯವಳು ಎಂದು ಆಡಿಕೊಳ್ಳುವವರಲ್ಲಿ ಅವಳೇ ಮೊದಲಿಗಳಾಗಿದ್ದಳು.

ಮಷೀನು ಹೋಯಿತು. ಅದರ ಹಿಂದೆ ಒಂದು ಚಾಪೆ, ಚಹಾದ ಪಾತ್ರೆ, ಬೆಲ್ಲದ ಪಾಕದ ಗಾಜಿನ ಜಾಡಿ ಹೋದವು. ಪಕ್ಕದ ಕೊಟ್ಟಿಗೆಯವರಿಂದ ಕರೆಂಟು ಎಳೆದರು. ಹಗಲು ಅಯಾದ್ ಬಂದು ದುಡಿದು, ಅಲ್ಲೇ ತೊಟ್ಟಿಯಲ್ಲಿ ಮೈ ತೊಳೆದು, ಬಟ್ಟೆ ಬದಲಿಸಿ ಮನೆಗೆ ಹೋಗುತ್ತಿದ್ದ. ಮಾರ್ತಾ ಮನೆಯ ಗೋಡೆಗಳನ್ನೂ ಬಿಡದೆ ತೊಳೆದಳು. ನಲವತ್ತನೆಯ ದಿನ ಅವಳು ಶುಬ್ರಾಕ್ಕೆ ಹೋಗಲಿಲ್ಲ. ತಫೀದಾ ಮಾತ್ರೆ ನುಂಗುತ್ತಿದ್ದಳು, ಮುಚ್ಚಳ ಕಚ್ಚುವುದನ್ನು ಬಿಡಲಿಲ್ಲ. ಹೊಟ್ಟೆ ಹಾಗೆಯೇ ಇತ್ತು. ಮತ್ತೊಮ್ಮೆ ಜಾಡಿ ಕೊಡಲು ಬಂದ ಡಾಕ್ಟರ್, ಅಷ್ಟೆಲ್ಲ ತಿಳಿದೂ ಯಾಕೆ ಕಚ್ಚುತ್ತೀರಿ ಎಂದು ಕೇಳಿದಳು. ಬೇರೆ ದಾರಿ ಕಲಿಯುವ ವಯಸ್ಸಲ್ಲ ಎಂದು ತಫೀದಾ ಹೇಳಿದಳು. ಈ ಸಲ ಜಾಡಿಯನ್ನು ಅದರ ಕೆಲಸಕ್ಕೇ ಬಳಸಿದಳು.

ಭಾನುವಾರ ಪೂಜೆ ಮುಗಿದ ಮೇಲೆ ಮನೆಗೆ ಹೋಗಬಹುದು ಎಂದು ಅವಳೇ ನಿಯಮ ಮಾಡಿಕೊಂಡಿದ್ದಳು. ಬಾಗಿಲ ಹತ್ತಿರದ ಬಚ್ಚಲಲ್ಲಿ ಮಾರ್ತಾ ಬಿಸಿನೀರು, ಒಗೆದು ಮಡಿಸಿದ ನಿಲುವಂಗಿ, ಹೊಸ ತಲೆವಸ್ತ್ರ ಇಟ್ಟಿರುತ್ತಿದ್ದಳು. ತಫೀದಾ ಉಗುರಿನ ಸಂದಿಯನ್ನು ಕಡ್ಡಿಯಿಂದ ಕೆದಕಿ ತೊಳೆದು, ಬಂದು ಗೋಡೆಗೆ ಒರಗಿ ಕೂರುತ್ತಿದ್ದಳು. ಮಗುವನ್ನು ದೂರದಿಂದ ನೋಡುತ್ತಿದ್ದಳು. ಎತ್ತಿಕೊಳ್ಳಿ ಎಂದರೆ, ಮುಂದಿನ ವಾರ ಎನ್ನುತ್ತಿದ್ದಳು.

ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ಶುರುವಾದ ಮೊದಲ ಭಾನುವಾರ ಮಾರ್ತಾ ಕೇಳದೆಯೇ ಮಗುವನ್ನು ತಂದು ಅವಳ ಮಡಿಲಲ್ಲಿ ಹಾಕಿ ಅಡುಗೆಮನೆಗೆ ಹೋದಳು. ಮಗು ಆಗಲೇ ತುಂಬಿಕೊಂಡಿತ್ತು, ಕಂಡದ್ದಕ್ಕೆಲ್ಲ ಕೈ ಹಾಕುವ ವಯಸ್ಸು. ಅಜ್ಜಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿತು. ಆಮೇಲೆ ಬೆರಳು ಚಾಚಿ ನೇರವಾಗಿ ಅವಳ ಬಾಯಿಗೆ ಹಾಕಿ, ಮುಂದಿನ ಹಲ್ಲಿನ ಆ ಕಚ್ಚನ್ನು ಹಿಡಿದುಕೊಂಡಿತು. ಬೆರಳನ್ನು ವಾಪಸು ಎಳೆದು ತನ್ನ ಬಾಯಿಗೆ ಒಯ್ಯಿತು.

ತಫೀದಾ ಆ ಪುಟ್ಟ ಕೈಯನ್ನು ನಡುದಾರಿಯಲ್ಲೇ ಹಿಡಿದಳು. ತನ್ನ ತಲೆವಸ್ತ್ರದ ತುದಿಯಿಂದ ಆ ಬೆರಳನ್ನು ಒರೆಸಿದಳು, ಮತ್ತೆ ಒರೆಸಿದಳು. ಮಗು ಮತ್ತೆ ಬಾಯಿಯ ಕಡೆ ಕೈ ಚಾಚಿತು. ಅವಳು ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು. ಮಗು ಆ ಮುಚ್ಚಿದ ತುಟಿಯ ಮೇಲೆ ತಟ್ಟಿ ತಟ್ಟಿ ನಗತೊಡಗಿತು.

ಮಾರ್ತಾ ಬಾಗಿಲಿಗೆ ಬಂದು ನಿಂತಳು. "ಒಂದು ಮುತ್ತು ಕೊಡಿ, ಅತ್ತೆ. ಅದಕ್ಕೇ ಕೇಳ್ತಿದಾನೆ."

ತಫೀದಾ ಬಾಯಿ ತೆರೆಯದೆ ತಲೆಯಾಡಿಸಿ ಬೇಡವೆಂದಳು. ಮಗುವಿನ ಕೆನ್ನೆಯ ಮೇಲೆ ಏನೋ ತೊಟ್ಟಿಕ್ಕಿತು. ಸೂರು ಸೋರುತ್ತಿದೆಯೇನೋ ಎಂದು ಅವಳು ಮೇಲೆ ನೋಡಿದಳು.